ನಡುವೆ ಬರುವ ಕರೆ: ಯಂತ್ರಗಳು ಕಿವಿಗೊಡಲು ಕಲಿತ ಬಗೆ

ರೇಡಿಯೋ ಇರುವ ಮನೆಯವರಿಗೆ ಇದು ಹೊಸ ಅನುಭವವಲ್ಲ. ಸಂಗೀತ ಕಛೇರಿ ನಡೆದಿರುತ್ತದೆ. ಆಲಾಪನೆ ಒಂದು ನೆಲೆಗೆ ಬರುತ್ತಿರುವಾಗ ಉದ್ಘೋಷಕರು ನಡುವೆ ಬಂದು ಹೊಳೆಯ ನೀರು ಏರುತ್ತಿದೆಯೆಂಬ ಸೂಚನೆಯನ್ನು ಓದುತ್ತಾರೆ. ಸೂಚನೆ ಮುಗಿದು ಕಛೇರಿ ಮತ್ತೆ ಕೇಳಿಸುತ್ತದೆ. ಆದರೆ ನಡುವೆ ಹೋದ ಒಂದೆರಡು ಆವರ್ತ ಹೋದದ್ದೇ. ಅದು ನಮಗೆ ದಕ್ಕುವುದಿಲ್ಲ. 1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕೇಳುಗರು ಇಂಥ ಸಣ್ಣ ನಷ್ಟವನ್ನು ನಗುತ್ತಲೇ ಸಹಿಸಿದ್ದಾರೆ. ನೀರಿನ ಸುದ್ದಿ ಸಂಗೀತಕ್ಕಿಂತ ಅವಸರದ್ದು ಎಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ.

ಈಗ ನಿಮ್ಮ ಬ್ಯಾಂಕಿನ ಮೇಜಿನ ಮೇಲಿರುವ ಕಂಪ್ಯೂಟರನ್ನೋ, ನಿಮ್ಮ ಜೇಬಿನಲ್ಲಿರುವ ಮೊಬೈಲನ್ನೋ ನೆನೆಯಿರಿ. ಅದರೊಳಗೆ ಇಂಥ ಅಡಚಣೆ ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಬಾರಿ ನಡೆಯುತ್ತದೆ. ನೀವು ಒಂದು ಕೀಲಿ ಒತ್ತಿದಿರಿ, ಒಂದು ಕರೆ. ಗಡಿಯಾರ ಒಮ್ಮೆ ಮಿಡಿಯಿತು, ಇನ್ನೊಂದು ಕರೆ. ದೂರದಿಂದ ಸುದ್ದಿಯ ತುಣುಕೊಂದು ಬಂದಿತು, ಮತ್ತೊಂದು. ಪ್ರತಿ ಸಲವೂ ಯಂತ್ರ ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ, ಕರೆದವರಿಗೆ ಓಗೊಟ್ಟು, ನಿಂತಲ್ಲಿಂದಲೇ ಮುಂದುವರಿಯಬೇಕು. ಕಛೇರಿಯ ಒಂದು ಆವರ್ತ ಹೋದರೆ ಬೇಸರವಾಗುತ್ತದೆ. ಇಲ್ಲಿ ಒಂದು ಅಂಕಿ ಹೋದರೆ ಲೆಕ್ಕವೇ ಹಾಳು. ಈ ಅಡಚಣೆಗೆ ಕಂಪ್ಯೂಟರಿನವರು ‘ಇಂಟರಪ್ಟ್’ ಎನ್ನುತ್ತಾರೆ. ನಾವು ಇಲ್ಲಿ ‘ನಡುಕರೆ’ ಎಂದು ಕರೆಯೋಣ. ಅದನ್ನು ಮೊದಲು ಎದುರುಗೊಳ್ಳುವುದು ಕಂಪ್ಯೂಟರಿನ ಎಲ್ಲ ಕೆಲಸಗಳ ಮೇಲ್ವಿಚಾರಣೆ ನಡೆಸುವ ‘ಕರ್ನಲ್’, ಎಂದರೆ ತಿರುಳು. ಒಂದು ನಡುಕರೆಗೆ ಓಗೊಡುತ್ತಿರುವಾಗಲೇ ಇನ್ನೊಂದು ಬಂದರೆ? ಅದರ ಮೇಲೆ ಮತ್ತೊಂದು ಬಂದರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹಲವು ದಶಕಗಳು ಹಿಡಿದವು. ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಯಂತ್ರಕ್ಕೆ ಅವಸರದ ಕರೆ ಬಂದಾಗ ಏನು ಮಾಡಬೇಕೆಂಬ ಚಿಂತೆ ಕಂಪ್ಯೂಟರಿಗಿಂತ ಹಳೆಯದು. ಅದರ ಒಂದು ಉತ್ತಮ ಉದಾಹರಣೆ ನಮ್ಮ ಜೋಗದಲ್ಲೇ ಇದೆ. 1948ರಲ್ಲಿ ಅಲ್ಲಿನ ವಿದ್ಯುದಾಗಾರ ಕೆಲಸ ಆರಂಭಿಸಿತು. ಮುಂದೆ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರು ಬಂದಿತು. ಎತ್ತರದಿಂದ ಬೀಳುವ ನೀರಿಗೆ ಒಪ್ಪುವ ಚಕ್ರಕ್ಕೆ ಪೆಲ್ಟನ್ ಚಕ್ರವೆಂದು ಹೆಸರು. ಕೊಳವೆಯಲ್ಲಿ ಇಳಿದ ನೀರು ಮೂತಿಯಿಂದ ಚಿಮ್ಮಿ, ಚಕ್ರದ ಅಂಚಿನ ಬಟ್ಟಲುಗಳಿಗೆ ಬಡಿದು ಅದನ್ನು ತಿರುಗಿಸುತ್ತದೆ. ಎಲ್ಲೋ ದೂರದಲ್ಲಿ ಮರ ಬಿದ್ದು ತಂತಿ ಕಡಿದು, ಹೊರೆ ಒಮ್ಮೆಲೇ ಇಳಿಯಿತೆನ್ನಿ. ಚಕ್ರ ಹುಚ್ಚು ವೇಗ ಹಿಡಿಯುತ್ತದೆ. ನೀರಿನ ಮೂತಿಯನ್ನು ಥಟ್ಟನೆ ಮುಚ್ಚಿಬಿಡೋಣವೆಂದರೆ, ಕೊಳವೆಯಲ್ಲಿ ಧಾವಿಸುತ್ತಿರುವ ನೀರಿನ ರಾಶಿ ಗುದ್ದಿ ಕೊಳವೆಯೇ ಸೀಳೀತು. ಆದ್ದರಿಂದ ಪೆಲ್ಟನ್ ಚಕ್ರಕ್ಕೆ ಎರಡು ಹೆಜ್ಜೆಯ ಏರ್ಪಾಡು ಉಂಟು. ಮೊದಲು ‘ಡಿಫ್ಲೆಕ್ಟರ್’ ಎಂಬ ಅಡ್ಡತಗಡು ಕ್ಷಣಮಾತ್ರದಲ್ಲಿ ನೀರಿನ ಧಾರೆಯನ್ನು ಪಕ್ಕಕ್ಕೆ ತಿರುಗಿಸುತ್ತದೆ. ಚಕ್ರಕ್ಕೆ ಬಂದ ಅಪಾಯ ಕಳೆಯಿತು. ಆಮೇಲೆ ಮೂತಿಯೊಳಗಿನ ಸೂಜಿ ಸಾವಕಾಶವಾಗಿ ಮುಂದೆ ಸರಿದು ನೀರನ್ನು ತಗ್ಗಿಸುತ್ತದೆ. ತಡೆಯಲಾರದ್ದನ್ನು ತಕ್ಷಣ, ತಡೆಯಬಲ್ಲದ್ದನ್ನು ನಿಧಾನವಾಗಿ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಕಂಪ್ಯೂಟರಿನವರು ಬಹಳ ಸುತ್ತಿ ಕೊನೆಗೆ ಇದೇ ಜಾಗಕ್ಕೆ ಬಂದರು.

ಮೊದಮೊದಲ ಕಂಪ್ಯೂಟರುಗಳಿಗೆ ನಡುಕರೆ ಎಂಬುದೇ ತಿಳಿಯದು. ಅಚ್ಚಿನ ಯಂತ್ರಕ್ಕೆ ಏನಾದರೂ ಬೇಕೇ ಎಂದು ಕಂಪ್ಯೂಟರೇ ಮತ್ತೆ ಮತ್ತೆ ವಿಚಾರಿಸಬೇಕಾಗಿತ್ತು. ಅಂಚೆಯವನು ಬಂದನೇ ಎಂದು ಐದು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ನೋಡುವ ಮನೆಯ ಹಾಗೆ. 1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಅಲ್ಲಿನ ಸೈನ್ಯಕ್ಕಾಗಿ ‘ಡೈಸಿಯಾಕ್’ ಎಂಬ, ವಾಹನದಲ್ಲಿ ಸಾಗಿಸಬಲ್ಲ ಕಂಪ್ಯೂಟರನ್ನು ಕಟ್ಟಿತು. ಹೊರಗಿನ ಸಲಕರಣೆಯ ಕರೆಗೆ ಕೆಲಸ ಬಿಟ್ಟು ಓಗೊಡುವ ಏರ್ಪಾಡು ಮೊದಲು ಕಂಡದ್ದು ಅದರಲ್ಲಿ. ಮುಂದಿನ ಆಜ್ಞೆ ಯಾವುದೆಂದು ಗುರುತಿಟ್ಟುಕೊಳ್ಳುವ ಎಣಿಕೆ ಇತರ ಯಂತ್ರಗಳಲ್ಲಿ ಒಂದೇ ಇದ್ದರೆ, ಇದರಲ್ಲಿ ಎರಡು. ಹೊರಗಿನಿಂದ ಕರೆ ಬಂದೊಡನೆ ಯಂತ್ರ ಒಂದು ಎಣಿಕೆಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿತ್ತು. ಕೆಲಕಾಲದಲ್ಲೇ ಕ್ಲೀವ್‌ಲೆಂಡಿನಲ್ಲಿ ವಿಮಾನಗಳ ಪರೀಕ್ಷೆಗೆಂದು ಕಟ್ಟಿದ್ದ ಗಾಳಿಸುರಂಗಗಳ ಅಳತೆಗಳನ್ನು ಯೂನಿವಾಕ್ 1103 ಯಂತ್ರ ಹೀಗೆಯೇ ನಡುಕರೆಯ ಮೂಲಕ ಸ್ವೀಕರಿಸತೊಡಗಿತು. ಗಾಳಿ ಬೀಸುವಾಗ ಅಳತೆ. ಬೀಸದಿರುವಾಗ ಬೇರೆ ಲೆಕ್ಕ. ಯಂತ್ರದ ಸಮಯ ವ್ಯರ್ಥವಾಗುವುದು ತಪ್ಪಿತು.

ಆದರೆ ಎಲ್ಲರೂ ಇದನ್ನು ಹಿಗ್ಗಿನಿಂದ ಬರಮಾಡಿಕೊಳ್ಳಲಿಲ್ಲ. 1950ರ ದಶಕದ ಕೊನೆಯಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ಲೂಪ್‌ಸ್ಟ್ರ ಮತ್ತು ಸ್ಕಾಲ್ಟನ್ ಎಂಬಿಬ್ಬರು ‘ಎಕ್ಸ್ 1’ ಎಂಬ ಕಂಪ್ಯೂಟರಿಗೆ ನಡುಕರೆಯನ್ನು ಸೇರಿಸಲು ಬಯಸಿದರು. ಅದಕ್ಕೆ ಆಜ್ಞಾವಳಿ ಬರೆಯಬೇಕಾಗಿದ್ದ ಎಡ್ಸ್‌ಗರ್ ಡೈಕ್‌ಸ್ಟ್ರ ಎಂಬ ತರುಣ ವಿಜ್ಞಾನಿ ಹಿಂಜರಿದ. ಅವನ ಭಯಕ್ಕೆ ಕಾರಣವಿತ್ತು. ಅದುವರೆಗೆ ಯಂತ್ರ ತಪ್ಪು ಮಾಡಿದರೆ ಅದೇ ಲೆಕ್ಕವನ್ನು ಮತ್ತೊಮ್ಮೆ ಕೊಟ್ಟು ಅದೇ ತಪ್ಪನ್ನು ಮತ್ತೆ ಕಾಣಬಹುದಾಗಿತ್ತು. ನಡುಕರೆ ಯಾವ ಕ್ಷಣದಲ್ಲಿ ಬರುವುದೆಂದು ಯಾರೂ ಹೇಳಲಾರರು. ಹಾಗಾಗಿ ನಿನ್ನೆ ಕಂಡ ತಪ್ಪು ಇಂದು ಕಾಣದೆ ಹೋಗಬಹುದು, ನಾಳೆ ಮತ್ತೆ ಬರಬಹುದು. ಕಳ್ಳನು ಒಮ್ಮೆ ಬಂದ ದಾರಿಯಲ್ಲಿ ಮತ್ತೆ ಬಾರದಿದ್ದರೆ ಹಿಡಿಯುವುದು ಹೇಗೆ? ಕೊನೆಗೆ ಡೈಕ್‌ಸ್ಟ್ರ ಒಪ್ಪಿದ. ಒಪ್ಪಿದ ಮೇಲೆ ಆ ಭಯವನ್ನೇ ಅಧ್ಯಯನದ ವಿಷಯ ಮಾಡಿಕೊಂಡು 1959ರಲ್ಲಿ ಪ್ರೌಢಪ್ರಬಂಧ ಬರೆದ. ಅಂದಿನಿಂದ ಇಂದಿನವರೆಗೂ ನಿಂತಿರುವ ಮೊದಲ ನಿಯಮ ಇದು: ನಡುಕರೆಗೆ ಓಗೊಡುವವನು ತಾನು ಮುಟ್ಟುವುದನ್ನೆಲ್ಲ ಮೊದಲು ಬರೆದಿಟ್ಟುಕೊಂಡು, ಹೋಗುವಾಗ ಇದ್ದಂತೆಯೇ ಇಟ್ಟು ಹೋಗಬೇಕು. ನಡುವೆ ಯಾರೋ ಬಂದು ಹೋದರೆಂಬುದು ನಿಂತಿದ್ದ ಕೆಲಸಕ್ಕೆ ಗೊತ್ತೇ ಆಗಬಾರದು.

ಇದಿಷ್ಟು ಒಂದೇ ಕರೆಯ ಮಾತು. ಕರೆಯ ಮೇಲೆ ಕರೆ ಬಂದಾಗ ಏನಾಗುತ್ತದೆಂದು ತಿಳಿಯಲು ತೀರ್ಥಹಳ್ಳಿಯ ಕಡೆಯ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಿ. ಅಡಿಕೆ ಸುಗ್ಗಿ. ಮನೆಯಾಕೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಾಳೆ. ಎಷ್ಟು ಡಬ್ಬ ಆಯಿತೆಂಬ ಲೆಕ್ಕ ಮನಸ್ಸಿನಲ್ಲಿದೆ. ಬಾಗಿಲಲ್ಲಿ ಯಾರೋ ಕೂಗಿದರು, ಎದ್ದಳು. ಮಾತನಾಡುತ್ತಿರುವಾಗ ಒಲೆಯ ಮೇಲಿನ ಹಾಲು ಉಕ್ಕಿತು. ಬಂದವರಿಗೆ ‘ಬಂದೆ, ತಡೆಯಿರಿ’ ಎಂದು ಒಳಗೆ ಓಡಿದಳು. ಹಾಲು ಇಳಿಸುವಷ್ಟರಲ್ಲಿ ಅಕಾಲದ ಮಳೆಹನಿ; ಚಪ್ಪರದ ಮೇಲೆ ಒಣಗಲು ಹಾಕಿದ ಅಡಿಕೆ! ಅಲ್ಲಿಗೆ ಧಾವಿಸಿದಳು. ಈಗ ಅವಳು ಹಿಂದಿರುಗಬೇಕಾದ ಕ್ರಮ ನೋಡಿ: ಚಪ್ಪರದಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಮೆಟ್ಟುಗತ್ತಿಗೆ. ಕೊನೆಗೆ ಬಂದದ್ದು ಮೊದಲು ಮುಗಿಯಬೇಕು. ಅಷ್ಟು ದೂರ ಸುತ್ತಿ ಬಂದ ಮೇಲೂ ಡಬ್ಬದ ಲೆಕ್ಕ ತಪ್ಪಬಾರದು.

ಕಂಪ್ಯೂಟರು ಈ ಕ್ರಮವನ್ನು ‘ಸ್ಟ್ಯಾಕ್’ ಎಂಬುದರಲ್ಲಿ ಕಾಪಾಡುತ್ತದೆ. ಅಂಗಡಿಯವರು ಬಿಲ್ಲುಗಳನ್ನು ಚುಚ್ಚಿಡುವ ನೆಟ್ಟಗಿನ ಕಂಬಿಯನ್ನು ನೀವು ನೋಡಿರುತ್ತೀರಿ. ಅದೇ ರೀತಿ. ಪ್ರತಿ ಕರೆ ಬಂದಾಗಲೂ ಬಿಟ್ಟ ಕೆಲಸದ ಚೀಟಿಯೊಂದನ್ನು ಚುಚ್ಚಬೇಕು, ಮುಗಿದಾಗ ಮೇಲಿನ ಚೀಟಿಯನ್ನು ತೆಗೆಯಬೇಕು. ಇನ್ನು ಯಾವ ಕರೆ ಯಾವುದರ ಮೇಲೆ ಬರಬಹುದು? ಹಾಲು ಉಕ್ಕುವಾಗ ಬಾಗಿಲಿನವರು ಕಾಯಬೇಕು. ಬಾಗಿಲಿನವರಿಗಾಗಿ ಹಾಲನ್ನು ಬಿಡುವಂತಿಲ್ಲ. 1970ರಲ್ಲಿ ಬಂದ ‘ಪಿಡಿಪಿ 11’ ಎಂಬ ಕಂಪ್ಯೂಟರು ಈ ತಾರತಮ್ಯವನ್ನು ಸೊಗಸಾಗಿ ಅಳವಡಿಸಿಕೊಂಡಿತ್ತು. ಸೊನ್ನೆಯಿಂದ 7ರವರೆಗೆ ಮೆಟ್ಟಿಲುಗಳು. ಬೆರಳಚ್ಚಿನ ಯಂತ್ರ ಸಾಮಾನ್ಯವಾಗಿ 4ನೆಯ ಮೆಟ್ಟಿಲಲ್ಲಿ, ತಟ್ಟೆಯ ಕಡತಪೆಟ್ಟಿಗೆ 5ರಲ್ಲಿ, ಗಡಿಯಾರ 6ರಲ್ಲಿ. ತಾನು ನಿಂತ ಮೆಟ್ಟಿಲಿಗಿಂತ ಮೇಲಿನವರು ಕರೆದರೆ ಮಾತ್ರ ಯಂತ್ರ ತಿರುಗಿ ನೋಡುತ್ತದೆ. ಯೂನಿಕ್ಸ್ ಎಂಬ ಪ್ರಸಿದ್ಧ ವ್ಯವಸ್ಥೆ ಬೆಳೆದದ್ದು ಈ ಯಂತ್ರದ ಮೇಲೆ. ಬಹು ನಾಜೂಕಿನ ಕೆಲಸ ಮಾಡುವಾಗ ಅದರ ಕರ್ನಲ್ ತಾನಾಗಿಯೇ ಮೇಲಿನ ಮೆಟ್ಟಿಲಿಗೆ ಏರಿ ನಿಲ್ಲುತ್ತಿತ್ತು. ಕೆಳಗಿನ ಕರೆಗಳು ಅಷ್ಟು ಹೊತ್ತು ಕಾಯುತ್ತಿದ್ದವು.

ನಾಜೂಕಿನ ಕೆಲಸವೆಂದರೇನು? ಸಾಗರದ ಅಡಿಕೆ ಮಂಡಿಯ ಗುಮಾಸ್ತರೊಬ್ಬರು ಖಾತೆಯಲ್ಲಿ ಬರೆಯುತ್ತಿದ್ದಾರೆನ್ನಿ. ಮೂಟೆಯ ತೂಕ ಬರೆದಾಯಿತು, ದರ ಇನ್ನೂ ಬರೆದಿಲ್ಲ. ಆ ಕ್ಷಣದಲ್ಲಿ ಇನ್ನೊಬ್ಬರು ಬಂದು ಅದೇ ಖಾತೆಯನ್ನು ಎಳೆದುಕೊಂಡು ಮೊತ್ತ ಹಾಕಿದರೆ ಬೆಳೆಗಾರನಿಗೆ ಬರಬೇಕಾದ ಹಣವೇ ತಪ್ಪುತ್ತದೆ. ಇಬ್ಬರೂ ಪ್ರಾಮಾಣಿಕರು, ಇಬ್ಬರ ಕೂಡಿಕೆಯೂ ಸರಿ. ಆದರೂ ಲೆಕ್ಕ ತಪ್ಪು. ಇದನ್ನು ತಡೆಯಲು ಖಾತೆಗೆ ಬೀಗ ಹಾಕಬೇಕು. 1960ರ ದಶಕದ ಮೊದಲ ವರ್ಷಗಳಲ್ಲಿ ಅದೇ ಡೈಕ್‌ಸ್ಟ್ರ ಇಂಥ ಬೀಗವೊಂದನ್ನು ಕಲ್ಪಿಸಿ, ರೈಲ್ವೆಯ ಕೈಮರದ ಹೆಸರನ್ನೇ ಅದಕ್ಕಿಟ್ಟ: ‘ಸೆಮಾಫೋರ್’. ಸಾಗರದಿಂದ ತಾಳಗುಪ್ಪಕ್ಕೆ ಹೋಗುವ ಒಂಟಿ ಹಳಿಯ ಮೇಲೆ ಒಂದು ರೈಲು ದಾಟುವ ತನಕ ಎದುರಿನದು ನಿಲ್ಲಬೇಕಷ್ಟೆ, ಅದೇ ತತ್ತ್ವ.

ಆದರೆ ನಡುಕರೆಯ ಸಂದರ್ಭದಲ್ಲಿ ಈ ಬೀಗವೇ ಬಲೆಯಾಗಬಹುದು. ಗುಮಾಸ್ತರು ಖಾತೆಗೆ ಬೀಗ ಹಾಕಿ ಬರೆಯುತ್ತಿರುವಾಗ ಅವರಿಗೇ ಅವಸರದ ಕರೆ ಬಂದಿತು. ಆ ಕರೆಯ ಕೆಲಸಕ್ಕೂ ಅದೇ ಖಾತೆ ಬೇಕು. ಬೀಗ ತೆರೆಯುವ ತನಕ ಕರೆಯ ಕೆಲಸ ಮುಗಿಯದು. ಕರೆಯ ಕೆಲಸ ಮುಗಿಯುವ ತನಕ ಬೀಗ ತೆರೆಯುವವರಿಲ್ಲ. ಯಂತ್ರ ನಿಂತಲ್ಲೇ ಕಲ್ಲಾಗುತ್ತದೆ. ಆದ್ದರಿಂದ ಎರಡನೆಯ ನಿಯಮ: ನಡುಕರೆಗೂ ಬೇಕಾಗುವ ಖಾತೆಯನ್ನು ಮುಟ್ಟುವ ಮೊದಲು ನಡುಕರೆಯ ಬಾಗಿಲನ್ನೇ ಮುಚ್ಚಬೇಕು, ಕೆಲಸ ಮುಗಿದೊಡನೆ, ಒಂದು ಕ್ಷಣವೂ ತಡಮಾಡದೆ, ತೆರೆಯಬೇಕು. ಹೆಚ್ಚು ಹೊತ್ತು ಮುಚ್ಚಿಟ್ಟರೆ ಹೊರಗಿನ ಸುದ್ದಿ ಕಳೆದುಹೋದೀತು.

ಇದರ ಬೆಲೆ ಏನೆಂಬುದು ಜಗತ್ತಿಗೆ ಕಂಡದ್ದು 1969ರಲ್ಲಿ. ಜುಲೈ 20, ನಮ್ಮ ಕಾಲಮಾನದಂತೆ 21ರ ನಡುರಾತ್ರಿ ಕಳೆದ ಮೇಲೆ, ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ನೆಲಕ್ಕೆ ಇಳಿಯುತ್ತಿದ್ದರು. ನೌಕೆಯ ಕಂಪ್ಯೂಟರು 1202 ಎಂಬ ಎಚ್ಚರಿಕೆಯನ್ನು ತೋರಿಸಿತು. ಮತ್ತೆ ಮತ್ತೆ ತೋರಿಸಿತು. ಒಮ್ಮೆ 1201 ಎಂದಿತು. ಆ ಹೊತ್ತಿನಲ್ಲಿ ಬೇಡದಿದ್ದ ರೇಡಾರ್ ಒಂದರಿಂದ ಸಂಕೇತಗಳು ಮಳೆಯಂತೆ ಸುರಿದು, ಯಂತ್ರದ ಸಮಯವನ್ನು ಚೂರುಚೂರಾಗಿ ಕದಿಯುತ್ತಿದ್ದವು. ಕೆಲಸಗಳು ಸಕಾಲದಲ್ಲಿ ಮುಗಿಯದೆ, ಬಿಟ್ಟ ಕೆಲಸಗಳನ್ನು ಬರೆದಿಡುವ ಜಾಗವೇ ತುಂಬಿಹೋಯಿತು. ಮೇಲಿನ ಉಪಮೆಯಲ್ಲಿ ಹೇಳುವುದಾದರೆ, ಚೀಟಿ ಚುಚ್ಚಲು ಕಂಬಿಯಲ್ಲಿ ಸ್ಥಳವಿಲ್ಲ. ಹಾಗಿದ್ದರೂ ನೌಕೆ ಉಳಿಯಿತು. ಮೆಸಾಚುಸೆಟ್ಸ್‌ನ ತಾಂತ್ರಿಕ ಸಂಸ್ಥೆಯ ತಜ್ಞರು ಯಂತ್ರವನ್ನು ಅಂಥ ಗಳಿಗೆಗೂ ಸಿದ್ಧಪಡಿಸಿದ್ದರು: ಜಾಗ ತುಂಬಿದರೆ ಎಲ್ಲವನ್ನೂ ಕೊಡವಿ, ಎಂಜಿನ್ನು ನಡೆಸುವ, ದಿಕ್ಕು ಹಿಡಿಯುವ ಕೆಲಸಗಳನ್ನು ಮಾತ್ರ ತಕ್ಷಣ ಮತ್ತೆ ಆರಂಭಿಸು, ಉಳಿದದ್ದನ್ನು ಬಿಡು. ಆ ಯಂತ್ರದಲ್ಲಿ ಒಂದು ನಡುಕರೆ ನಡೆಯುವಾಗ ಇನ್ನೊಂದು ಒಳಗೆ ಬರುವಂತೆಯೇ ಇರಲಿಲ್ಲ ಎಂಬುದನ್ನು ಗಮನಿಸಿ. ಪ್ರತಿಯೊಂದೂ ಚುಟುಕಾಗಿ ಮುಗಿದು, ದೊಡ್ಡ ಕೆಲಸವನ್ನು ಪಟ್ಟಿಯಲ್ಲಿ ಬರೆದು ಹೋಗುತ್ತಿತ್ತು.

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಎಂಬ ಸಂಸ್ಥೆಯವರು ಕೂಡಿ, ಜನಸಾಮಾನ್ಯರ ಕೈಗೆ ಎಟುಕುವ ಕಂಪ್ಯೂಟರು ಬೇಕೆಂದು ‘ಸಿಂಪ್ಯೂಟರ್’ ಎಂಬುದನ್ನು ರೂಪಿಸಿದರು. 2004ರಲ್ಲಿ ಬಿ.ಇ.ಎಲ್. ಕಾರ್ಖಾನೆ ಇದರ ‘ಅಮಿಡಾ’ ಎಂಬ ಮಾದರಿಯನ್ನು ಹೊರತಂದಿತು. ಅಂಗೈಯಲ್ಲಿ ಹಿಡಿಯುವ ಈ ಯಂತ್ರದ ಒಳಗಿದ್ದದ್ದು ‘ಸ್ಟ್ರಾಂಗ್‌ಆರ್ಮ್’ ಎಂಬ ಸಂಸ್ಕಾರಕ. ನಡೆಸುತ್ತಿದ್ದದ್ದು ಲಿನಕ್ಸ್ ಎಂಬ, ಎಲ್ಲರಿಗೂ ಮುಕ್ತವಾದ ವ್ಯವಸ್ಥೆ. ಪರದೆ ಮುಟ್ಟಿದರೆ ನಡುಕರೆ, ಗುಂಡಿ ಒತ್ತಿದರೆ ನಡುಕರೆ. ಇಂದು ನಿಮ್ಮ ಮೊಬೈಲಿನಲ್ಲಿರುವುದೂ ಬಹುಮಟ್ಟಿಗೆ ಈ ಆರ್ಮ್ ಮನೆತನದ ಸಂಸ್ಕಾರಕವೇ.

ಆ ಕಾಲದ ಆರ್ಮ್ ಸಂಸ್ಕಾರಕದಲ್ಲಿ ಕಲಿಯುವವರನ್ನು ಎಡವಿಸುವ ಒಂದು ಹೊಂಡವಿತ್ತು. ನಡುಕರೆ ಬಂದಾಗ ಎಲ್ಲಿಗೆ ಮರಳಬೇಕೆಂಬ ವಿಳಾಸವನ್ನು ಅದು ಸ್ಟ್ಯಾಕಿನಲ್ಲಿ ಇಡುವುದಿಲ್ಲ. ಅದಕ್ಕೆಂದೇ ಮೀಸಲಾದ ಒಂದೇ ಒಂದು ಚೀಟಿಯಲ್ಲಿ ಬರೆಯುತ್ತದೆ. ಆ ಚೀಟಿಯನ್ನು ಬೇರೆಡೆ ನಕಲು ಮಾಡುವ ಮೊದಲೇ ಬಾಗಿಲು ತೆರೆದರೆ, ಎರಡನೆಯ ನಡುಕರೆ ಅದೇ ಚೀಟಿಯ ಮೇಲೆ ತನ್ನ ವಿಳಾಸ ಬರೆಯುತ್ತದೆ, ಮೊದಲನೆಯದು ಅಳಿಸಿಹೋಯಿತು. ನಕಲು ಮಾಡಿದರೂ ಸಾಲದು. ಆ ಸ್ಥಿತಿಯಲ್ಲೇ ಇದ್ದುಕೊಂಡು ಉಪಕಾರ್ಯವೊಂದನ್ನು ಕರೆದರೆ, ಅದರ ಮರಳು ವಿಳಾಸವೂ ಅದೇ ಚೀಟಿಗೆ ಹೋಗುತ್ತದೆ. ಆಗ ಬಂದ ನಡುಕರೆ ಅದನ್ನೂ ಅಳಿಸುತ್ತದೆ. ಯಂತ್ರ ಹೋದ ದಾರಿಯಲ್ಲಿ ಮರಳಿ ಬಾರದು. ಲಿನಕ್ಸ್ ಇದಕ್ಕೆ ಕಂಡುಕೊಂಡ ಉಪಾಯ ಸರಳ. ಕರೆ ಬಂದೊಡನೆ, ಬಾಗಿಲು ಮುಚ್ಚಿರುವಾಗಲೇ, ವಿಳಾಸವನ್ನೂ ಹಿಂದಿನ ಸ್ಥಿತಿಯನ್ನೂ ಪಕ್ಕಕ್ಕೆ ಬರೆದು, ತನ್ನದೇ ಚೀಟಿ, ತನ್ನದೇ ಸ್ಟ್ಯಾಕ್ ಇರುವ ಬೇರೆ ಸ್ಥಿತಿಗೆ ಜಾರಿಕೊಳ್ಳುವುದು. ಮಿಕ್ಕ ಮಾತೆಲ್ಲ ಆಮೇಲೆ.

ಲಿನಕ್ಸ್ 1991ರಲ್ಲಿ ಹುಟ್ಟಿದ್ದು. ಬಹಳ ವರ್ಷ ಅದು ನಡುಕರೆಯ ಮೇಲೆ ನಡುಕರೆಗೆ ಅವಕಾಶ ಕೊಟ್ಟಿತ್ತು. ಒಬ್ಬರ ಕೆಲಸ ನಿಧಾನವಾದರೂ ಇನ್ನೊಬ್ಬರ ಸುದ್ದಿ ಕಳೆಯಬಾರದೆಂಬ ಸದುದ್ದೇಶದಿಂದ. ಆದರೆ ಸುದ್ದಿ ತರುವ ಸಲಕರಣೆಗಳು ವೇಗವಾದವು. ಜಾಲಕ್ಕೆ ಸೇರಿಸುವ ಒಂದೇ ಫಲಕದಿಂದ ಹತ್ತಾರು ನಡುಕರೆಗಳು ಒಂದರ ಬೆನ್ನಿಗೆ ಒಂದು ಬಂದು, ಒಂದನ್ನೊಂದು ನಿಲ್ಲಿಸಿ, ಚೀಟಿಯ ಕಂಬಿ ತುಂಬಿ ಹೊರಚೆಲ್ಲುವ ಅಪಾಯ ಕಂಡಿತು. ಕರ್ನಲ್ಲಿನ ಸ್ಟ್ಯಾಕು ಬಹು ಸಣ್ಣದು. ಅದು ಉಕ್ಕಿದರೆ ಪಕ್ಕದಲ್ಲಿರುವುದನ್ನು ಅಳಿಸಿಬಿಡುತ್ತದೆ. 2010ರಲ್ಲಿ ಅದನ್ನು ನೋಡಿಕೊಳ್ಳುವವರು ತೀರ್ಮಾನಿಸಿದರು: ಇನ್ನು ಮುಂದೆ ನಡುಕರೆಗೆ ಓಗೊಡುವ ಕೆಲಸವೆಲ್ಲ ಬಾಗಿಲು ಮುಚ್ಚಿಯೇ ನಡೆಯಲಿ. ಅದಕ್ಕೆ ಪ್ರತಿಯಾಗಿ ಆ ಕೆಲಸ ಅತಿ ಚಿಕ್ಕದಾಗಿರಬೇಕು. ಸುದ್ದಿ ಬಂದಿತೆಂದು ಗುರುತು ಹಾಕಿ, ಸಲಕರಣೆಗೆ ‘ಆಯಿತು’ ಎಂದು ಹೇಳಿ, ಉಳಿದದ್ದನ್ನು ಬಾಗಿಲು ತೆರೆದ ಮೇಲೆ ಮಾಡುವ ಇನ್ನೊಂದು ಕೈಗೆ ಒಪ್ಪಿಸಬೇಕು. ಚಂದ್ರನೌಕೆಯವರು ಮಾಡಿದ್ದೂ ಇದನ್ನೇ. ಜೋಗದ ಅಡ್ಡತಗಡು ಮತ್ತು ಸೂಜಿ ಹಂಚಿಕೊಂಡದ್ದೂ ಇದನ್ನೇ.

ಹಾಗೆಂದು ಕರೆಯ ಮೇಲೆ ಕರೆ ಎಲ್ಲೆಡೆಯೂ ನಿಷಿದ್ಧವೆಂದು ತಿಳಿಯಬೇಡಿ. ಎಂಜಿನ್ನು, ಪಂಪು ಮುಂತಾದವುಗಳನ್ನು ನಡೆಸುವ ಪುಟ್ಟ ಸಂಸ್ಕಾರಕಗಳು ಅದನ್ನು ಇಂದಿಗೂ ಉಪಯೋಗಿಸುತ್ತವೆ. ಅವುಗಳಲ್ಲಿ ಕೆಲವು ಚೀಟಿ ಚುಚ್ಚುವ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ಮೆಟ್ಟಿಲುಗಳು ಎಷ್ಟೆಂದು ಗೊತ್ತಿರುವುದರಿಂದ ಅತ್ಯಂತ ಹೆಚ್ಚೆಂದರೆ ಎಷ್ಟು ಚೀಟಿ ಸೇರಬಹುದೆಂದು ಮೊದಲೇ ಲೆಕ್ಕ ಹಾಕಿ ಅಷ್ಟು ಜಾಗ ಬಿಡಬಹುದು. ಆಳ ಗೊತ್ತಿರುವ ಹೊಳೆಗೆ ಇಳಿಯಲು ಅಡ್ಡಿಯಿಲ್ಲ.

ಮಲೆನಾಡಿನವರಾದ ನಿಮಗೆ ಈ ವಿಷಯ ಇನ್ನೂ ಚೆನ್ನಾಗಿ ಅರ್ಥವಾಗಲು ಶರಾವತಿಯೇ ಸಾಕು. ಮಳೆ ಹೇಳಿ ಕೇಳಿ ಬರುವುದಿಲ್ಲ. ಹೊಸನಗರದ ಕಡೆಯ ಚಕ್ರಾ, ಸಾವೇಹಕ್ಕಲು ಜಲಾಶಯಗಳ ನೀರು ಲಿಂಗನಮಕ್ಕಿಗೆ ಸೇರುತ್ತದೆ. 1964ರಲ್ಲಿ ಕಟ್ಟಿದ ಈ ಅಣೆಕಟ್ಟಿನ ಹಿಂದೆ ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲಬಲ್ಲದು. ಮೊದಲಿನ ಹಿರೇಭಾಸ್ಕರ ಅಣೆಕಟ್ಟೇ ಅದರಲ್ಲಿ ಮುಳುಗಿತು, ಎಷ್ಟೋ ಊರುಗಳು ಮುಳುಗಿದವು. ಲಿಂಗನಮಕ್ಕಿ ಬಂದ ನೀರನ್ನೆಲ್ಲ ಒಡನೆ ಚಕ್ರಗಳ ಮೇಲೆ ಸುರಿಯುವುದಿಲ್ಲ. ಮೊದಲು ತನ್ನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಂದ ನೀರು ತಳಕಳಲೆಯ ಪುಟ್ಟ ಜಲಾಶಯಕ್ಕೆ ಹರಿದು, ಅಲ್ಲಿಂದ ಅಳತೆಗೆ ತಕ್ಕಂತೆ ಕೊಳವೆಗಳಿಗೆ ಇಳಿದು ಹತ್ತು ಚಕ್ರಗಳನ್ನು ತಿರುಗಿಸುತ್ತದೆ. ಮಳೆಯ ಅವಸರ ಬೇರೆ, ಚಕ್ರದ ನಡೆ ಬೇರೆ. ಎರಡರ ನಡುವೆ ಒಂದು ಕೆರೆ ಇರಬೇಕು. ಆ ಕೆರೆಗೂ ಒಂದು ಮಿತಿ ಇದೆ. ಅದು ತುಂಬುವ ಮೊದಲು ಯಾವ ಬಾಗಿಲನ್ನು ತೆರೆಯಬೇಕು, ಕೆಳಗಿನವರಿಗೆ ಯಾವಾಗ ಸೂಚನೆ ಕೊಡಬೇಕು ಎಂಬುದನ್ನು ಬೇಸಗೆಯಲ್ಲಿಯೇ ಯೋಚಿಸಿಡಬೇಕು.

ನಾವು ಇಂದು ನಮ್ಮ ಹಣ, ನಮ್ಮ ಪಹಣಿ, ಆಸ್ಪತ್ರೆಯಲ್ಲಿ ನಮ್ಮವರ ಉಸಿರಾಟದ ಲೆಕ್ಕ ಎಲ್ಲವನ್ನೂ ಈ ಯಂತ್ರಗಳಿಗೆ ಒಪ್ಪಿಸಿದ್ದೇವೆ. ಅವು ಎಷ್ಟು ಬೇಗ ಓಗೊಡುತ್ತವೆ ಎಂಬುದು ಜಾಹೀರಾತಿನಲ್ಲಿ ಕಾಣುತ್ತದೆ. ಓಗೊಡುವ ಮೊದಲು ಕೈಯಲ್ಲಿದ್ದುದನ್ನು ಜೋಪಾನವಾಗಿ ಇಟ್ಟವೇ, ಮರಳುವ ದಾರಿಯನ್ನು ಗುರುತಿಟ್ಟುಕೊಂಡವೇ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಇದರ ಚರಿತ್ರೆ ತಿಳಿದಮೇಲೆ ನಾವು ಕೇಳಬೇಕಾದದ್ದು ಈ ಎರಡನೆಯ ಪ್ರಶ್ನೆಯನ್ನು.